ಕಣದ ಮಣ್ಣಿನಲ್ಲಿ ನಿಂತುಹೋದ ಬೇರು: ಮೂಡಿಗೆರೆಯ ಅರ್ಧ ಎಕರೆ ಕಾಫಿಯ ಪ್ರಕರಣ ಅಧ್ಯಯನ

ಫೆಬ್ರವರಿ ಕೊನೆಯ ವಾರ. ಬೆಳಿಗ್ಗೆ ಇನ್ನೂ ಇಬ್ಬನಿ ಆರಿರಲಿಲ್ಲ. ಅಣ್ಣ ಒಂದು ಕಾಫಿ ಗಿಡವನ್ನು ಬೇರುಸಮೇತ ಕಿತ್ತು ತಂದು ಹಿತ್ತಲ ಕಟ್ಟೆಯ ಮೇಲೆ ಇಟ್ಟ.

"ನೋಡೇ ಇದನ್ನ. ಎರಡು ಮಳೆಗಾಲ ಕಂಡ ಗಿಡ. ಒಂದೇ ಕೈಯಲ್ಲಿ ಎಳೆದೆ, ಬಂದುಬಿಡ್ತು."

ಎರಡು ಮಳೆಗಾಲ ಕಂಡ ಕಾಫಿ ಗಿಡ ಹಾಗೆ ಬರಬಾರದು. ಗುದ್ದಲಿ ಬೇಕು, ಬೈಗುಳ ಬೇಕು. ಬಕೆಟ್ಟಿನಲ್ಲಿ ಮುಳುಗಿಸಿ ಮೆಲ್ಲಗೆ ಮಣ್ಣು ತೊಳೆದೆ. ತಾಯಿಬೇರು ಗೇಣುದ್ದವೂ ಇರಲಿಲ್ಲ. ಪಕ್ಕದ ಬೇರುಗಳು ಬೆರಳ ಗೆಣ್ಣಿನಷ್ಟು ಬೆಳೆದು ನಿಂತಿದ್ದವು. ತುದಿ ದಪ್ಪ, ಬಣ್ಣ ಕಂದು. ಒಳ್ಳೆಯ ಕಾಫಿ ಬೇರಿನಲ್ಲಿ ಕೂದಲೆಳೆಯಂಥ ಬಿಳಿ ಎಳೆಗಳು ಜಡೆಯಂತೆ ಇಳಿಬಿದ್ದಿರುತ್ತವೆ. ಇಲ್ಲಿ ಸವೆದುಹೋದ ಬ್ರಷ್ಷಿನ ಹಾಗೆ ಮೋಟು ಮೋಟು. ಮೂಗಿಗೆ ಹಿಡಿದೆ, ಕೊಳೆತ ವಾಸನೆ ಇಲ್ಲ. ಉಗುರಿನಿಂದ ಸಿಪ್ಪೆ ಸುಲಿದೆ, ಒಳಗೆ ಬೆಳ್ಳಗಿತ್ತು. ಬೇರು ಬದುಕಿತ್ತು. ಬೆಳೆಯುವುದನ್ನು ಮಾತ್ರ ಬಿಟ್ಟಿತ್ತು.

ಈ ಬರಹ ಆ ಒಂದು ವ್ಯತ್ಯಾಸದ ಬಗ್ಗೆ. ಸತ್ತ ಬೇರಿಗೂ ನಿಂತ ಬೇರಿಗೂ ಮದ್ದು ಬೇರೆ. ಅದು ಗೊತ್ತಾಗದೆ ನಾವು ಒಂದೂವರೆ ವರ್ಷ ಕಳೆದುಕೊಂಡೆವು.

ಜಾಗ ಮತ್ತು ಹಿನ್ನೆಲೆ

ನಮ್ಮ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿದೆ. ನೋಡಿಕೊಳ್ಳುವುದು ಅಣ್ಣ, ಅತ್ತಿಗೆ. ನಾನು ಚಿಕ್ಕಮಗಳೂರಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ, ರಜೆ ಸಿಕ್ಕಾಗ ಊರಿಗೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ಕಾಫಿ ಒಣಗಿಸುವ ಕಣ ಸಾಲುತ್ತಿಲ್ಲ ಅಂತ ಅಣ್ಣ ಜೇಸಿಬಿ ತರಿಸಿದ. ಮನೆ ಹಿಂದಿನ ಧರೆ ಕಡಿದು ಸಮ ಮಾಡಿದರು. ಹತ್ತಡಿ ಆಳದ ಮಣ್ಣು ಲೋಡುಗಟ್ಟಲೆ ಹೊರಬಂತು. ಅದನ್ನು ಕಣದ ಕೆಳಗಿನ ಅರ್ಧ ಎಕರೆ ಇಳಿಜಾರಿಗೆ ತಳ್ಳಿ ಹರಡಿಸಿದರು. ಕಣದ ಅಂಚಿನಲ್ಲಿ ಮೂರಡಿ ದಪ್ಪ ಕೂತಿತು. ಕೆಳಗಿಳಿದಂತೆ ತೆಳುವಾಗುತ್ತಾ, ಬುಡದಲ್ಲಿ ಹರಿಯುವ ತೋಡಿನ ಹತ್ತಿರ ಏನೂ ಇರಲಿಲ್ಲ. ಮಣ್ಣು ನೋಡಲು ಬಹಳ ಚೆನ್ನಾಗಿತ್ತು. ಕೆಂಪು ಹಳದಿ ಬಣ್ಣ, ಕಲ್ಲಿಲ್ಲ, ಕಳೆ ಬೀಜ ಇಲ್ಲ. "ಹೊಸ ಮಣ್ಣು, ಗಿಡ ಎದ್ದು ಬರುತ್ತೆ" ಅಂತ ನೋಡಿದವರೆಲ್ಲ ಹೇಳಿದರು. ಆ ಮಳೆಗಾಲಕ್ಕೇ ಚಂದ್ರಗಿರಿ ತಳಿಯ ಕಾಫಿ ಗಿಡ ಇಟ್ಟರು. ಮಧ್ಯೆ ನೆರಳಿಗೆ, ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಮರದ ಸಸಿ.

ಮೊದಲ ಮಳೆಗಾಲದಲ್ಲಿ ಏನೂ ಗೊತ್ತಾಗಲಿಲ್ಲ. ನರ್ಸರಿ ಚೀಲದ ಮಣ್ಣಿನಲ್ಲಿದ್ದ ಸತ್ವದಲ್ಲೇ ಗಿಡ ಚಿಗುರಿತು. ಬೇಸಿಗೆ ಬಂದಾಗ ಮೇಲಿನ ನಾಲ್ಕು ಸಾಲು ಮಧ್ಯಾಹ್ನದ ಹೊತ್ತಿಗೆ ಎಲೆ ಇಳಿಬಿಡತೊಡಗಿದವು. ಸ್ಪ್ರಿಂಕ್ಲರ್ ಹಾಕಿದರೂ ಅಷ್ಟೇ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಸಾರಜನಕ ಕಮ್ಮಿ ಆಗಿದೆ ಅಂದರು. ಯೂರಿಯಾ ಹಾಕಿದ್ದಾಯಿತು. ಮುಂದಿನ ವರ್ಷ ಇನ್ನೂ ಜಾಸ್ತಿ ಹಾಕಿದ್ದಾಯಿತು. ಗಿಡ ಇನ್ನಷ್ಟು ಕುಗ್ಗಿತು. ಯೂರಿಯಾ ಮಣ್ಣಿನಲ್ಲಿ ಅಮೋನಿಯಂ ಆಗಿ, ಅದು ನೈಟ್ರೇಟ್ ಆಗಿ ತೊಳೆದುಹೋಗುವಾಗ ಮಣ್ಣಿಗೆ ಹುಳಿ (ಆಮ್ಲ) ಬಿಟ್ಟುಹೋಗುತ್ತದೆ. ಅಂದರೆ ಯಾವುದರಿಂದ ಗಿಡ ನರಳುತ್ತಿತ್ತೋ ಅದನ್ನೇ ನಾವು ದುಡ್ಡು ಕೊಟ್ಟು ತಂದು ಸುರಿದಿದ್ದೆವು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಅನುಮಾನಗಳು

ಬೇರು ತೊಳೆದ ದಿನ ಮೇಸ್ತ್ರಿಗೆ ಬೇರಿಗೆ ಗಂಟು ಕಟ್ಟುವ ಜಂತುಹುಳದ ಅನುಮಾನ. ಬೇರಿನಲ್ಲಿ ಗಂಟು ಇರಲಿಲ್ಲ. ಅಣ್ಣನಿಗೆ ಬೇರುಕೊಳೆಯ ಅನುಮಾನ. ಕೊಳೆತಿರಲಿಲ್ಲ ಅಂತ ಆಗಲೇ ಹೇಳಿದೆ.

ನನ್ನ ಅನುಮಾನ ಮೈಲುತುತ್ತದ (ತಾಮ್ರದ ಸಲ್ಫೇಟ್) ಮೇಲಿತ್ತು. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ, ಮೆಣಸಿನ ಸೊರಗು ರೋಗಕ್ಕೆ, ಕಾಫಿಯ ಕೊಳೆಗೆ ತಲೆಮಾರುಗಳಿಂದ ಬೋರ್ಡೋ ದ್ರಾವಣ ಹೊಡೆಯುತ್ತಾ ಬಂದಿದ್ದಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎಲೆಯಿಂದ ತೊಟ್ಟಿಕ್ಕಿದ ತಾಮ್ರ ಎಲ್ಲೂ ಹೋಗುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ತಾಮ್ರ ಹೆಚ್ಚಾದರೂ ಬೇರು ಮೋಟಾಗುತ್ತದೆ. ಆದರೆ ತಾಮ್ರ ಕೂರುವುದು ಎಲೆಗೊಬ್ಬರ ತುಂಬಿದ ಮೇಲ್ಮಣ್ಣಿನಲ್ಲಿ. ಇಲ್ಲಿ ತೊಂದರೆ ಇದ್ದದ್ದು ಯಾವತ್ತೂ ಯಾವ ಸಿಂಪರಣೆಯನ್ನೂ ಕಾಣದ, ಧರೆಯ ಹೊಟ್ಟೆಯೊಳಗಿನ ಮಣ್ಣಿನಲ್ಲಿ. ಕೆಳಗಿನ ಸಾಲುಗಳಲ್ಲಿ, ಹಳೇ ಮಣ್ಣು ಬೇರಿಗೆ ಸಿಗುವ ಕಡೆ, ಗಿಡ ಸೊಂಟದೆತ್ತರ ಬಂದಿತ್ತು. ಕಣದ ಮಣ್ಣು ದಪ್ಪವಾದಷ್ಟೂ ಗಿಡ ಕುಳ್ಳಾಗುತ್ತಾ ಹೋಗಿತ್ತು. ಯಾರೋ ಅಳತೆ ಹಿಡಿದು ಪ್ರಯೋಗ ಮಾಡಿದ ಹಾಗೆ.

ಸುಳಿವು ಕೊಟ್ಟದ್ದು ಅತ್ತಿಗೆ. ಅವರು ಒಂದೇ ಹೈಡ್ರಾಂಜಿಯ ಗಿಡದ ಎರಡು ಕಡ್ಡಿ ನೆಟ್ಟಿದ್ದರು. ಒಂದು ಸುಣ್ಣ ಬಳಿದ ಹಳೇ ಗೋಡೆಯ ಪಕ್ಕ, ಇನ್ನೊಂದು ಕಣದ ಅಂಚಿನಲ್ಲಿ. "ಗೋಡೆ ಹತ್ರದ್ದು ಗುಲಾಬಿ ಬಣ್ಣ ಬಿಡುತ್ತೆ, ಕಣದ ಹತ್ರದ್ದು ಕಡು ನೀಲಿ. ತಾಯಿ ಗಿಡ ಒಂದೇ ಅಲ್ವಾ?" ಅಂದರು.

ಹೈಡ್ರಾಂಜಿಯ ನೀಲಿಯಾಗುವುದು ಹೂವಿನೊಳಗೆ ಅಲ್ಯೂಮಿನಿಯಂ ಸೇರಿದಾಗ. ಹುಳಿ ಮಣ್ಣಿನಲ್ಲಿ ಕರಗಿದ ಅಲ್ಯೂಮಿನಿಯಂ ಬೇರಿನಿಂದ ಏರಿ ಹೂವಿಗೆ ಹೋಗಿ, ಅಲ್ಲಿನ ಬಣ್ಣದ ಜೊತೆ ಕೂಡಿ ನೀಲಿ ಮಾಡುತ್ತದೆ. ಸುಣ್ಣ ಇದ್ದ ಕಡೆ ಅದು ಕರಗುವುದೇ ಇಲ್ಲ, ಹೂವು ಗುಲಾಬಿಯಾಗಿಯೇ ಉಳಿಯುತ್ತದೆ. ಈ ಪಾಠವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಮನೆಯಂಗಳದಲ್ಲಿ ನೋಡಲು ಅತ್ತಿಗೆಯ ಕಣ್ಣು ಬೇಕಾಯಿತು.

ಮಣ್ಣು ಪರೀಕ್ಷೆಗೆ ಕೊಟ್ಟೆವು. ಹುಳಿ ಅಳೆಯುವ ಅಂಕೆ ಪಿಎಚ್, ಅದು ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ತೋಡಿನ ಹತ್ತಿರದ ಮಣ್ಣಿನ ಪಿಎಚ್ 5.6. ಕಣದ ಮಣ್ಣಿನದು 4.5.

ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು 8 ಭಾಗ ಅಲ್ಯೂಮಿನಿಯಂ. ಜೇಡಿಮಣ್ಣಿನ ಪುಡಿ ಪುಡಿಯೂ ಕಟ್ಟಿರುವುದೇ ಅದರಿಂದ, ಸಿಲಿಕಾನ್‌ನಿಂದ. ಗಟ್ಟಿಯಾಗಿ ಕೂತಿರುವವರೆಗೆ ಯಾರಿಗೂ ತೊಂದರೆ ಇಲ್ಲ. ನಮ್ಮ ಮಲೆನಾಡಿನಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಸುರಿಯುವ ಮಳೆ ಸಾವಿರಾರು ವರ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೊನೆಗೆ ಸಿಲಿಕಾವನ್ನೂ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಆ ಕಥೆ ಇದೆ, ಭದ್ರಾವತಿಯ ಕಾರ್ಖಾನೆಗೆ ಅಲ್ಲಿಂದಲೇ ಅದಿರು ಹೋಗುತ್ತಿತ್ತು. ಪಿಎಚ್ 5ರಿಂದ ಕೆಳಗೆ ಇಳಿದರೆ ಅಲ್ಯೂಮಿನಿಯಂ ಕರಗಿ ನೀರಿಗೆ ಬರುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಹುಳಿ ಏರುವುದು ಹತ್ತು ಪಟ್ಟು. ಕರಗುವ ಅಲ್ಯೂಮಿನಿಯಂ ಮಾತ್ರ ರಸಾಯನಶಾಸ್ತ್ರದ ಲೆಕ್ಕದಲ್ಲಿ ಸಾವಿರ ಪಟ್ಟು ಏರಬಲ್ಲದು. ಮೇಲ್ಮಣ್ಣಿನಲ್ಲಿ ಎಲೆಗೊಬ್ಬರ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಡಿ ಆಳದ ಮಣ್ಣಿನಲ್ಲಿ ಎಲೆಗೊಬ್ಬರ ಎಲ್ಲಿಂದ ಬರಬೇಕು?

ಆದರೂ ನನಗೆ ಕಣ್ಣಾರೆ ನೋಡಬೇಕಿತ್ತು. ಕಣದ ಮಣ್ಣು, ತೋಡಿನ ಹತ್ತಿರದ ಮಣ್ಣು, ಎರಡು ವಾರ ಮೊದಲೇ ಸುಣ್ಣ ಕಲಸಿಟ್ಟ ಕಣದ ಮಣ್ಣು, ಹೀಗೆ ಮೂರು ಬಗೆಯನ್ನು ಲೋಟಗಳಿಗೆ ತುಂಬಿ ಮೊಳಕೆ ಬಂದ ಹೆಸರುಕಾಳು ಊರಿದೆ. ಬೇರೆ ಲೋಟಗಳಲ್ಲಿ ಭತ್ತದ ಮೊಳಕೆ. ಐದನೇ ದಿನ ತೊಳೆದು ತೆಗೆದೆ. ಕಣದ ಮಣ್ಣಿನಲ್ಲಿ ಹೆಸರುಕಾಳಿನ ಬೇರು ಎರಡು ಸೆಂಟಿಮೀಟರ್ ಹೋಗಿ ತುದಿ ಕಂದಾಗಿತ್ತು. ತೋಡಿನ ಮಣ್ಣಿನಲ್ಲಿ ಏಳು. ಸುಣ್ಣ ಕಲಸಿದ್ದರಲ್ಲಿ ಆರು ದಾಟಿತ್ತು. ಭತ್ತದ ಬೇರಿಗೆ ಅಂಥ ವ್ಯತ್ಯಾಸವೇ ಇರಲಿಲ್ಲ.

ಬೇರುಗಳನ್ನು ಕಾಲೇಜಿಗೆ ಒಯ್ದು ಹೆಮಟಾಕ್ಸಿಲಿನ್ ಬಣ್ಣದಲ್ಲಿ ಅದ್ದಿದೆ. ಬೇರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ನೇರಳೆಯಾಗಿ ಹಿಡಿಯುತ್ತದೆ. ಗೋಧಿ ತಳಿಗಳನ್ನು ಆರಿಸಲು ವಿಜ್ಞಾನಿಗಳು 1970ರ ದಶಕದಿಂದಲೂ ಬಳಸುವ ವಿಧಾನ ಇದು. ನೀರಲ್ಲಿ ತೊಳೆದು ಬಿಳಿ ತಟ್ಟೆಯಲ್ಲಿ ಇಟ್ಟಾಗ ಕಣದ ಮಣ್ಣಿನ ಬೇರುಗಳ ಕೊನೆಯ ಕೆಲವು ಮಿಲಿಮೀಟರ್ ಮಾತ್ರ ಕಡು ನೇರಳೆ. ಬೆಂಕಿಕಡ್ಡಿಯ ಮದ್ದಿನ ಹಾಗೆ. ಉಳಿದ ಬೇರು ಸಪ್ಪೆ. ಈ ಬಣ್ಣ ಕಬ್ಬಿಣಕ್ಕೂ ಹಿಡಿಯುತ್ತದೆ, ಹಾಗಾಗಿ ಇದೊಂದನ್ನೇ ನಂಬಲಿಲ್ಲ. ಪಿಎಚ್, ಸಾಲುಗಳ ಎತ್ತರ, ಮೋಟು ಬೇರು, ಸುಣ್ಣಕ್ಕೆ ಸಿಕ್ಕ ಫಲ, ನೀಲಿ ಹೂವು, ಎಲ್ಲ ಸೇರಿಸಿ ಅಲ್ಯೂಮಿನಿಯಂ ವಿಷ ಅಂತ ತೀರ್ಮಾನಿಸಿದೆವು.

ಬೇರಿನೊಳಗೆ ಏನಾಯಿತು

ಏಟು ಬೀಳುವುದು ಬೇರಿನ ತುದಿಗೆ. ತುದಿಯಲ್ಲಿ ಜೀವಕೋಶ ಒಡೆದು ಎರಡಾಗುವ ಜಾಗ ಒಂದಿದೆ, ಅದರ ಹಿಂದೆ ಅವು ಉದ್ದವಾಗುವ ಜಾಗ. ಇವೆರಡರ ನಡುವಿನ ಪಟ್ಟಿ ಅಲ್ಯೂಮಿನಿಯಂಗೆ ಬಹಳ ಸೂಕ್ಷ್ಮ. ಸೂಕ್ಷ್ಮ ತಳಿಯ ಮುಸುಕಿನ ಜೋಳದಲ್ಲಿ ಒಂದು ಗಂಟೆಯೊಳಗೇ ಬೇರಿನ ಓಟ ನಿಲ್ಲುತ್ತದೆ.

ಜೀವಕೋಶದ ಗೋಡೆಯಲ್ಲಿ ಪೆಕ್ಟಿನ್ ಅಂತ ಅಂಟು ಇರುತ್ತದೆ. ಪೇರಲೆ ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಅದರಿಂದಲೇ. ಬೇರಿನಲ್ಲಿ ಆ ಅಂಟನ್ನು ಹದವಾಗಿ ಹಿಡಿದಿಡುವುದು ಕ್ಯಾಲ್ಸಿಯಂ. ಅಲ್ಯೂಮಿನಿಯಂ ಬಂದು ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ, ಬಿಗಿಯಾಗಿ. ಗೋಡೆ ಹಿಗ್ಗುವುದನ್ನು ಮರೆಯುತ್ತದೆ.

ಗಿಡ ಸುಮ್ನೆ ಕೂರುವುದಿಲ್ಲ. ಸ್ಟಾಪ್-1 ಅಂತ ಒಂದು ಜೀನ್ ಇದೆ. ಇದನ್ನು ಜಪಾನಿನ ವಿಜ್ಞಾನಿಗಳು 2007ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಗುರುತಿಸಿದರು. ಅದರಿಂದ ಬರುವ ಪ್ರೋಟೀನ್ ಬೇರೆ ಹಲವು ಜೀನ್‌ಗಳನ್ನು ಎಬ್ಬಿಸುವ ಮೇಸ್ತ್ರಿ. ಅದರ ಕೆಲಸದ ರೀತಿ ನನಗೆ ಬಹಳ ಇಷ್ಟ. ವಿಷ ಬಂದ ಮೇಲೆ ಗಿಡ ಅದನ್ನು ಹೊಸದಾಗಿ ತಯಾರಿಸಲು ಕೂರುವುದಿಲ್ಲ. ಯಾವಾಗಲೂ ತಯಾರಿಸುತ್ತಲೇ ಇರುತ್ತದೆ, ಜೊತೆಜೊತೆಗೆ ಒಡೆದುಹಾಕುತ್ತಲೂ ಇರುತ್ತದೆ. ಅಲ್ಯೂಮಿನಿಯಂ ಬಂತು ಅನ್ನಿ, ಒಡೆಯುವ ಕೆಲಸ ಕಡಿಮೆಯಾಗುತ್ತದೆ. ಮೇಸ್ತ್ರಿ ಜೀವಕೋಶದ ಕೇಂದ್ರದಲ್ಲಿ ಜಮಾಯಿಸಿ ಜೀನ್‌ಗಳನ್ನು ಎಬ್ಬಿಸುತ್ತಾನೆ. ಮನೆಯಲ್ಲಿ ಒಲೆಯ ಕೆಂಡ ಆರದ ಹಾಗೆ ಬೂದಿ ಮುಚ್ಚಿಟ್ಟು, ನೆಂಟರು ಬಂದ ತಕ್ಷಣ ಊದಿ ಬೆಂಕಿ ಮಾಡುತ್ತಿದ್ದರಲ್ಲ, ಹಾಗೆ.

ಎದ್ದ ಜೀನ್‌ಗಳಲ್ಲಿ ಮುಖ್ಯವಾದದ್ದು ಎಎಲ್‌ಎಂಟಿ-1. ಇದು ಬೇರಿನ ತುದಿಯಲ್ಲಿ ಒಂದು ಬಾಗಿಲು ಕಟ್ಟುತ್ತದೆ. ಆ ಬಾಗಿಲಿನಿಂದ ಮ್ಯಾಲೇಟ್ ಹೊರಗೆ ಸುರಿಯುತ್ತದೆ. ಮ್ಯಾಲೇಟ್ ಅಂದರೆ ಸೇಬಿನ ಹುಳಿ. ಅದು ಅಲ್ಯೂಮಿನಿಯಂ ಅನ್ನು ತಬ್ಬಿ ಹಿಡಿದು ಬೇರಿನ ತಂಟೆಗೆ ಹೋಗದಂತೆ ಮಾಡುತ್ತದೆ. ಇಂಥ ಬಾಗಿಲಿನ ಜೀನ್ ಮೊದಲು ಸಿಕ್ಕಿದ್ದು ಗೋಧಿಯಲ್ಲಿ, 2004ರಲ್ಲಿ. ಗೋಧಿಯ ಗಟ್ಟಿ ತಳಿಗಳಲ್ಲಿ ಬಾಗಿಲು ಮೊದಲೇ ಕಟ್ಟಿರುತ್ತದೆ, ಅಲ್ಯೂಮಿನಿಯಮ್ಮೇ ಬಂದು ಅದನ್ನು ತೆರೆಯುವ ಕೀಲಿ. ನಿಮಿಷಗಳಲ್ಲಿ ಹುಳಿ ಹೊರಗೆ ಬರುತ್ತದೆ. ಬಿಳಿಜೋಳದಲ್ಲಿ 2007ರಲ್ಲಿ ಸಿಕ್ಕ ಜೀನ್ ನಿಂಬೆಯ ಹುಳಿಯನ್ನು ಹೊರಹಾಕುತ್ತದೆ. ನಾವು ಪತ್ರೊಡೆ ಮಾಡುವ ಕೆಸುವಿನ ಬೇರು ಆಕ್ಸಲೇಟ್ ಬಿಡುತ್ತದೆ, ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಅದಕ್ಕೆ ಕಾರಣವಾದ ಅದೇ ವಸ್ತು. ಭತ್ತದ್ದು ಇನ್ನೊಂದು ದಾರಿ. ಅದಕ್ಕೆ ಒಂದು ಜೀನ್ ಇದೆ, 2010ರಲ್ಲಿ ಗೊತ್ತಾಯಿತು. ಅದು ಅಲ್ಯೂಮಿನಿಯಂ ಅನ್ನು ಗೋಡೆಯಿಂದ ಬಿಡಿಸಿ ಜೀವಕೋಶದ ಒಳಗೇ ಕರೆದುಕೊಳ್ಳುತ್ತದೆ. ಇನ್ನೊಂದು ಜೀನ್ ಅದನ್ನು ಒಳಗಿನ ಉಗ್ರಾಣಕ್ಕೆ ತಳ್ಳಿ ಬಾಗಿಲು ಹಾಕುತ್ತದೆ. ಲೋಟದಲ್ಲಿ ಭತ್ತದ ಬೇರು ಯಾಕೆ ಅಂಜಲಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಕಾಫಿ ಕುಗ್ಗಿದ ಅದೇ ಮೇಲಿನ ಸಾಲುಗಳ ಸಿಲ್ವರ್ ಓಕ್ ಸಸಿಗಳೂ ಆಳೆತ್ತರ ಬಂದಿದ್ದವು. ಅವುಗಳ ವಂಶದ ಮರಗಳು ಬಡ ಮಣ್ಣಿನಲ್ಲಿ ಗೊಂಚಲು ಬೇರು ಬಿಟ್ಟು ಹುಳಿಗಳನ್ನು ಸುರಿಸುವುದಕ್ಕೆ ಹೆಸರಾದವು. ಒಂದನ್ನು ಕೆದಕಿ ನೋಡಿದೆ. ಬಾಟಲಿ ತೊಳೆಯುವ ಬ್ರಷ್ಷಿನಂಥ ಗೊಂಚಲುಗಳು.

ಈ ರಕ್ಷಣೆ ಬಿಟ್ಟಿ ಅಲ್ಲ. ಹೊರಗೆ ಸುರಿಯುವ ಒಂದೊಂದು ಹನಿ ಹುಳಿಯೂ ಎಲೆ ಬಿಸಿಲಿನಲ್ಲಿ ದುಡಿದ ಸಕ್ಕರೆ. ಎಲೆಯೇ ಬಾಡಿರುವಾಗ ಆ ಖರ್ಚು ಹೊರಲಾಗುವುದಿಲ್ಲ.

ಇನ್ನು ಬೇರು ನಿಂತ ವಿಷಯ. ಅಲ್ಯೂಮಿನಿಯಂ ಜೀವಕೋಶಗಳನ್ನು ಕೊಂದುಹಾಕಿ ಬೇರನ್ನು ನಿಲ್ಲಿಸುತ್ತದೆ ಅಂತಲೇ ನಾನು ಮೊದಲು ಕಲಿತಿದ್ದು. 2008ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನ ವಿಶ್ವವಿದ್ಯಾಲಯದಿಂದ ಬಂದ ಕೆಲಸ ಅದನ್ನು ತಿರುಗಿಸಿತು. ಅಲ್ಯೂಮಿನಿಯಂಗೆ ಬಹಳ ಬೇಗ ಸೋಲುವ ಅರಾಬಿಡಾಪ್ಸಿಸ್ ಗಿಡಗಳಲ್ಲಿ ಎಟಿಆರ್ ಎಂಬ ಇನ್ನೊಂದು ಜೀನ್ ಕೆಟ್ಟುಹೋದರೆ, ಬೇರು ಅದೇ ವಿಷದಲ್ಲಿ ಬೆಳೆಯುತ್ತಾ ಹೋಗುತ್ತದೆ! ಎಟಿಆರ್ ಕೆಲಸ ಡಿಎನ್‌ಎ ಕಾಯುವುದು. ಡಿಎನ್‌ಎಗೆ ಪೆಟ್ಟು ಬಿದ್ದ ಸೂಚನೆ ಸಿಕ್ಕರೆ ಅದು ಜೀವಕೋಶ ಎರಡಾಗುವುದನ್ನು ತಡೆಯುತ್ತದೆ. ತುದಿಯ ಎಳೆ ಜೀವಕೋಶಗಳು ಒಡೆಯುವುದನ್ನು ಬಿಟ್ಟು ಬಲಿತುಬಿಡುತ್ತವೆ. ಬೇರಿನ ಓಟ ಅಲ್ಲಿಗೆ ಮುಗಿಯಿತು. ಅಂದರೆ ಬೇರು ತಾನೇ ನಿಂತದ್ದು. ನಮ್ಮ ಬಕೆಟ್ಟಿನಲ್ಲಿ ಬೆಳ್ಳಗೆ, ಜೀವಂತವಾಗಿ, ಮೋಟಾಗಿ ಬಂದ ಬೇರಿನ ಅರ್ಥ ಅದು.

ಸ್ಟಾಪ್-1 ಅಲ್ಯೂಮಿನಿಯಂ ಒಂದಕ್ಕೇ ಅಲ್ಲ, ಬರೀ ಹುಳಿಗೂ ಏಳುತ್ತದೆ, ರಂಜಕದ ಕೊರತೆಗೂ ಏಳುತ್ತದೆ. ರಂಜಕ ಸಿಗದಾಗ ಅದೇ ಸ್ಟಾಪ್-1, ಅದೇ ಮ್ಯಾಲೇಟ್ ಸೇರಿ, ಕಬ್ಬಿಣದ ಜೊತೆಗೂಡಿ ತಾಯಿಬೇರನ್ನು ನಿಲ್ಲಿಸುತ್ತವೆ ಅಂತ 2017ರಲ್ಲಿ ಗೊತ್ತಾಯಿತು. ಅದರಲ್ಲಿ ಲೆಕ್ಕಾಚಾರ ಇದೆ. ಕಾಡಿನಲ್ಲಿ ರಂಜಕ ಇರುವುದು ಎಲೆ ಕೊಳೆತ ಮೇಲ್ಮಣ್ಣಿನಲ್ಲಿ. ಹಾಗಾಗಿ ಆಳಕ್ಕೆ ಹೋಗುವುದನ್ನು ಬಿಟ್ಟು ಮೇಲೆಯೇ ಅಗಲಕ್ಕೆ ಹುಡುಕುವುದು ಒಳ್ಳೆಯದು. ನಮ್ಮ ಮಣ್ಣಿನಲ್ಲಿ ಎರಡೂ ಕಷ್ಟ ಒಟ್ಟಿಗೆ ಬರುತ್ತವೆ, ಕರಗಿದ ಅಲ್ಯೂಮಿನಿಯಂ ಮತ್ತು ಕಬ್ಬಿಣ ರಂಜಕವನ್ನು ಕಟ್ಟಿಹಾಕುತ್ತವೆ. ಬೇರಿಗೆ ತಲೆಮಾರುಗಳಿಂದ ಗೊತ್ತಿರುವುದು ಒಂದೇ: ಒಳ್ಳೆ ಮಣ್ಣು ಮೇಲೆ, ಕೆಟ್ಟ ಮಣ್ಣು ಕೆಳಗೆ. ಕಣದ ಕೆಳಗಿನ ಅರ್ಧ ಎಕರೆಯಲ್ಲಿ ನಾವು ಅದನ್ನು ತಲೆಕೆಳಗು ಮಾಡಿದ್ದೆವು. ಮೂರಡಿ ಕೆಳಗೆ ಅಜ್ಜನ ಕಾಲದ ಕಪ್ಪು ಮಣ್ಣು ಇತ್ತು. ಬೇರು ಮಾತ್ರ ತನಗೆ ತಿಳಿದ ಪ್ರಕಾರ ಸರಿಯಾಗಿಯೇ ಮಾಡಿ, ಮೇಲೆಯೇ ನಿಂತುಬಿಟ್ಟಿತ್ತು.

ಏನು ಮಾಡಿದೆವು

ಯೂರಿಯಾ ನಿಲ್ಲಿಸಿದೆವು. ಮೇಲಿನ ನಾಲ್ಕು ಸಾಲಿನ ಗಿಡ ತೆಗೆದು ಒಂದೂವರೆ ಅಡಿಯ ಹೊಸ ಗುಂಡಿ ತೋಡಿಸಿದೆವು. ಮಣ್ಣು ಪರೀಕ್ಷೆ ಹೇಳಿದಷ್ಟು ಕೃಷಿ ಸುಣ್ಣವನ್ನು ಗುಂಡಿಯ ಮಣ್ಣಿಗೆ ಚೆನ್ನಾಗಿ ಕಲಸಿ, ಕಾಫಿ ಸಿಪ್ಪೆ ಮತ್ತು ಕೊಟ್ಟಿಗೆ ಗೊಬ್ಬರದ ಕಾಂಪೋಸ್ಟ್ ಸೇರಿಸಿ, ಕೆಲವು ವಾರ ಬಿಟ್ಟು ಗಿಡ ಇಟ್ಟೆವು. ಸುಣ್ಣದ ಜೊತೆಗೆ ಯೂರಿಯಾ ಹಾಕಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ರಂಜಕದ ಗೊಬ್ಬರವಾದ ರಾಕ್ ಫಾಸ್ಫೇಟ್ ಕೂಡ ಒಟ್ಟಿಗೆ ಬೇಡ. ಅದು ಕರಗಲು ಹುಳಿ ಬೇಕು, ಸುಣ್ಣ ಹುಳಿ ಕೊಲ್ಲುತ್ತದೆ.

ಗುಂಡಿಗಷ್ಟೇ ಸುಣ್ಣ ಹಾಕಿದರೆ ಇನ್ನೊಂದು ತೊಂದರೆ. ಮೊದಲ ವರ್ಷ ಗಿಡ ಚೆನ್ನಾಗಿ ಬಂತು. ಅಣ್ಣ ಒಂದು ಗುಂಡಿಯ ಅಂಚು ಕೆದಕಿದರೆ, ಬಿಳಿ ಬೇರುಗಳು ಗುಂಡಿಯ ಗೋಡೆಯವರೆಗೆ ಬಂದು ಅಲ್ಲೇ ಒಳಕ್ಕೆ ತಿರುಗಿದ್ದವು. ಕುಂಡದೊಳಗಿನ ಗಿಡದ ಹಾಗೆ. ಸುಣ್ಣ ಮಣ್ಣಿನಲ್ಲಿ ಇಳಿಯುವುದು ತುಂಬಾ ನಿಧಾನ. ಜಿಪ್ಸಂ ಮಳೆ ನೀರಿನ ಜೊತೆ ಬೇಗ ಇಳಿಯುತ್ತದೆ. ಹುಳಿ ಕಡಿಮೆ ಮಾಡುವುದಿಲ್ಲ, ಆದರೆ ಕ್ಯಾಲ್ಸಿಯಂ ಕೊಡುತ್ತದೆ, ಅದರ ಸಲ್ಫೇಟ್ ಅಲ್ಯೂಮಿನಿಯಂ ಅನ್ನು ಹಿಡಿದು ವಿಷ ತಗ್ಗಿಸುತ್ತದೆ. ಹಾಗಾಗಿ ಮೇಲಿನ ಸಾಲುಗಳಿಗೆ ಜಿಪ್ಸಂ ಎರಚಿದೆವು. ಸಾಲಿನ ನಡುವೆ ಮಳೆ ನೀರು ಇಂಗಲೆಂದು ಹೇಗೂ ತೊಟ್ಟಿಲು ಗುಂಡಿ ತೆಗೆಯುತ್ತೇವೆ. ಈ ಸಲ ಅವನ್ನು ಹಳೇ ಕಪ್ಪು ಮಣ್ಣು ಸಿಗುವವರೆಗೆ ಆಳ ಮಾಡಿ, ತರಗೆಲೆ ತುಂಬಿಸಿದೆವು. ಆಳುಗಳ ಕೂಲಿ ಜಾಸ್ತಿಯೇ ಆಯಿತು.

ಕಣ ತೋಡುವವರಿಗೆ, ಮನೆ ಕಟ್ಟಲು ಧರೆ ಕಡಿಯುವವರಿಗೆ ಒಂದು ಮಾತು. ಜೇಸಿಬಿ ಬಂದ ದಿನ ಮೊದಲು ಮೇಲಿನ ಒಂದಡಿ ಮಣ್ಣನ್ನು ಕೆರೆದು ಬೇರೆ ರಾಶಿ ಹಾಕಿಸಿ. ಕೊನೆಗೆ ಅದನ್ನು ಮೇಲೆ ಹರಡಿಸಿ. ಅರ್ಧ ದಿನದ ಬಾಡಿಗೆ ಜಾಸ್ತಿ ಆಗಬಹುದು. ನಮಗೆ ನಾಲ್ಕು ಸಾಲು ಗಿಡ, ಒಂದೂವರೆ ವರ್ಷದ ಗೊಬ್ಬರ, ಎರಡನೇ ಸಲದ ಕೂಲಿ ಹೋಯಿತು.

ಈ ಸಲ ಕೊಯ್ಲು ಮುಗಿದ ಮೇಲೆ ಎರಡನೇ ಸಾಲಿನ ಒಂದು ಗಿಡದ ಪಕ್ಕ, ತೊಟ್ಟಿಲು ಗುಂಡಿಗೆ ಸೇರಿಕೊಂಡಂತೆ ಮಣ್ಣು ಕಡಿದು ನೋಡಿದೆವು. ಮೇಲೆ ಸುಣ್ಣ ಕಲಸಿದ ಮಣ್ಣು, ಅದರಲ್ಲಿ ಬಿಳಿ ಬೇರಿನ ಬಲೆ. ಪಕ್ಕದಲ್ಲಿ ಕೆಂಪು ಹಳದಿ ಮಣ್ಣು, ಅದರೊಳಗೆ ನುಗ್ಗಿದ ಬೇರುಗಳು ಇನ್ನೂ ಮೋಟು, ಆದರೆ ಮೊದಲಿನಷ್ಟು ಕಂದಲ್ಲ. ಮೂರು ಬೇರು ಮಾತ್ರ ಅಡ್ಡಕ್ಕೆ ಹೋಗಿ ತೊಟ್ಟಿಲು ಗುಂಡಿಯ ಕೊಳೆತ ಎಲೆಗೆ ಸೇರಿದ್ದವು. ಅಲ್ಲಿಂದ ಎಲೆಯ ಹಾಸಿನಲ್ಲೇ ಕೆಳಗಿಳಿದು ಕಪ್ಪು ಮಣ್ಣು ಮುಟ್ಟಿದ್ದವು. ಮುಟ್ಟಿದ ಕಡೆಯಿಂದ ಕವಲೊಡೆದು, ಕೂದಲು ಬಿಚ್ಚಿ ಹರಡಿದ ಹಾಗೆ ಬಿಳಿ ಎಳೆಗಳು.

ಅಣ್ಣ ಗಿಡದ ಬುಡ ಹಿಡಿದು ಒಂದು ಸಲ ಎಳೆದು ನೋಡಿದ. ಅಲ್ಲಾಡಲಿಲ್ಲ. ಮಣ್ಣು ಮುಚ್ಚಿ, ಮೇಲೆ ತರಗೆಲೆ ಹರಡಿ, ಮುಂದಿನ ಗಿಡದ ಹತ್ತಿರ ಹೋದ.